ಜೀಪಿನ ಮುಂದಿನ ಸೀಟು

ಮಿಲಿಟರಿ ಜೀಪಿನ ಮುಂದಿನ ಸೀಟು ಸಾಹೇಬರದು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ಹುಟ್ಟಿದ ನಾಯಿಮರಿಗೂ ಗೊತ್ತು. ಅಂಥ ಸೀಟಿನಲ್ಲಿ ನಾನು ಇಳಕಲ್ಲ ಸೀರೆ ಉಟ್ಟು, ತೊಡೆಯ ಮೇಲೆ ರೊಟ್ಟಿಯ ಡಬ್ಬಿ ಇಟ್ಟುಕೊಂಡು, ಮಳೆಗಾಲ ಬಂತೆಂದರೆ ಖಾನಾಪುರ ತಾಲೂಕು ತಿರುಗುತ್ತಿದ್ದೆ. ಸಾಹೇಬರು ಹಿಂದೆ ಬರ್ಫದ ಪೆಟ್ಟಿಗೆಗೆ ಒತ್ತಿಕೊಂಡು, ಮಂಡಿ ಗದ್ದಕ್ಕೆ ತಾಗುವಂತೆ ಕುಳಿತಿರುತ್ತಿದ್ದರು. ನೋಡಿದವರು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆವು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹಿಂಡಲಗಾ ರಸ್ತೆಯ ಕಡೆ, ಬ್ರಿಟಿಷರ ಕಾಲದ ಒಂದು ಹಳೆಯ ಬ್ಯಾರಕ್ಕಿನಲ್ಲಿ ಸೈನ್ಯದ ಪುಟ್ಟದೊಂದು ಸಂಶೋಧನಾ ಘಟಕ ಇತ್ತು. ನಾನು ಅಲ್ಲಿ ಲ್ಯಾಬ್ ಕೆಲಸದವಳು. ಸಮವಸ್ತ್ರ ಇಲ್ಲದ ನೌಕರಿ. ಸಿರಿಂಜು ಕುದಿಸುವುದು, ಮೊಂಡಾದ ಸೂಜಿಗಳನ್ನು ಸಾಣೆಕಲ್ಲಿಗೆ ತಿಕ್ಕುವುದು, ಜವಾನರ ತೋಳಿನಿಂದ ರಕ್ತ ತೆಗೆಯುವುದು, ಅದು ಹೆಪ್ಪುಗಟ್ಟಿದ ಮೇಲೆ ಮೇಲಿನ ತಿಳಿಯನ್ನು ಬೇರೆ ಮಾಡಿ ಸಣ್ಣ ಗಾಜಿನ ಕೊಳವೆಗಳಲ್ಲಿ ತಣ್ಣಗಿಡುವುದು. ಇದೇ ನನ್ನ ಜಗತ್ತು.

ನಮ್ಮದು ಬಸವಣ್ಣನನ್ನು ನಂಬಿದ ಮನೆ. ಅಪ್ಪನಿಗೆ ಪೇಟೆಯಲ್ಲಿ ಕಾಳಿನ ಅಂಗಡಿ. ನಾನು ಸಂಜೆ ಮನೆಗೆ ಬಂದರೆ ಅವ್ವ ಹಿತ್ತಲ ಬಾಗಿಲಲ್ಲೇ ತಡೆಯುತ್ತಿದ್ದಳು. "ಮಂದಿ ರಕ್ತ ಮುಟ್ಟಿ ಬಂದೀದಿ, ಮೊದಲ ಮೈ ತೊಳ್ಕೊ. ಆಮ್ಯಾಲ ಅಡಗಿ ಮನಿ" ಎನ್ನುವಳು. ಕಾಯಕದಲ್ಲಿ ಮೇಲು ಕೀಳು ಇಲ್ಲವೆಂದು ಊರಿಗೆಲ್ಲ ಹೇಳುತ್ತಿದ್ದವಳು ನನ್ನ ಕಾಯಕಕ್ಕೆ ಮಾತ್ರ ಎರಡು ತಂಬಿಗೆ ಬಿಸಿನೀರು ಹೆಚ್ಚಿಗೆ ಕೇಳುತ್ತಿದ್ದಳು. ನೋಡಲು ಬಂದ ಗಂಡಿನ ಕಡೆಯವರಿಗೆ ಅಪ್ಪ ಸಂಕೋಚದಿಂದ, "ಹಿಂಡಲಗಾ ಕಡೆ ಸರ್ಕಾರಿ ನೌಕರಿ" ಎಂದಷ್ಟೇ ಹೇಳಿದ. ಹಿಂಡಲಗಾ ಎಂದರೆ ಮಂದಿಗೆ ಗೊತ್ತಿರುವುದು ಅಲ್ಲಿಯ ಜೈಲು. ಅವರಲ್ಲಿ ಒಬ್ಬ ಹಿರಿಯರು, "ಜೇಲಿನ್ಯಾಗೇನ್ರಿ?" ಎಂದರು. ನಾನು ಒಳಗಿನಿಂದಲೇ, "ಹೌದ್ರಿ, ಕೈದಿ ಅದೀನಿ" ಎಂದೆ. ಆ ಸಂಬಂಧ ಅಲ್ಲಿಗೆ ಮುಗಿಯಿತು. ನನ್ನ ಬಾಯಿ ಹಾಗೆಯೇ. ಅದರಿಂದ ಕಳೆದುಕೊಂಡದ್ದೂ ಉಂಟು, ಉಳಿದುಕೊಂಡದ್ದೂ ಉಂಟು.

ನಮ್ಮ ಘಟಕ ಹುಟ್ಟಿದ್ದೇ ಒಂದು ಜ್ವರದ ಸಲುವಾಗಿ. ತರಬೇತಿಯ ಹುಡುಗರನ್ನು ಜಾಂಬೋಟಿಯ ಕಾಡಿಗೆ ಅಭ್ಯಾಸಕ್ಕೆ ಕಳಿಸುತ್ತಿದ್ದರು. ಅವರಲ್ಲಿ ಕೆಲವರು ಹಿಂದಿರುಗಿದ ಮೇಲೆ ಮಲಗಿಬಿಡುತ್ತಿದ್ದರು. ತಲೆ ಸಿಡಿತ, ಕೆಂಡದಂಥ ಕಣ್ಣು, ಒಸಡಿನಲ್ಲಿ ರಕ್ತ. ಹೆಚ್ಚಿನವರು ಏಳುತ್ತಿದ್ದರು, ಕೆಲವರು ಏಳುತ್ತಿರಲಿಲ್ಲ. ಪೂರ್ವದ ಗಡಿಯ ಕಾಡುಗಳಲ್ಲೂ ಇಂಥದೇ ಜ್ವರ ಕಾಣಿಸಿಕೊಂಡಿತ್ತು. ಉಣ್ಣಿ ಕಡಿತದಿಂದ ಬರುವ ಕಾಡಿನ ಜ್ವರ ಎಂದು ಘಟಕದ ಸಾಹೇಬರಾದ ಡಾಕ್ಟರು ಹೇಳುತ್ತಿದ್ದರು. ಅದಕ್ಕೊಂದು ಲಸಿಕೆ ತಯಾರಾಗಿ ಬಂದಿತ್ತು. ಅದು ನಿಜವಾಗಿ ಕಾಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನಮ್ಮ ಕೆಲಸ.

ಡಾಕ್ಟರು ಮೇಜರ್ ದರ್ಜೆಯವರು, ಉತ್ತರದ ಕಡೆಯವರು. ಮಾತು ಕಡಿಮೆ. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು "ಕುಂದರ್ರಿ", "ನೋವು ಆಗಂಗಿಲ್ಲ", ಎರಡೇ ಮಾತು. ಅದರಲ್ಲಿ ಎರಡನೆಯದು ಸುಳ್ಳು. ಪರೀಕ್ಷೆ ಹೇಗೆ ನಡೆಯುತ್ತದೆಂದು ಅವರೇ ನನಗೆ ತಿಳಿಸಿ ಹೇಳಿದ್ದರು. ಅರ್ಧ ಹುಡುಗರಿಗೆ ಲಸಿಕೆ, ಅರ್ಧ ಹುಡುಗರಿಗೆ ಬರೀ ಉಪ್ಪುನೀರು. ಶೀಶೆ ಎರಡೂ ಒಂದೇ ಥರ. ಯಾವುದರಲ್ಲಿ ಏನಿದೆ ಎಂದು ಚುಚ್ಚುವವರಿಗೂ ಗೊತ್ತಿಲ್ಲ, ಚುಚ್ಚಿಸಿಕೊಳ್ಳುವವರಿಗೂ ಗೊತ್ತಿಲ್ಲ. ಎಲ್ಲರಿಗೂ ಲಸಿಕೆಯನ್ನೇ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಎಲ್ಲರಿಗೂ ಕೊಟ್ಟು ಯಾರಿಗೂ ಜ್ವರ ಬರದಿದ್ದರೆ ಅದು ಲಸಿಕೆಯಿಂದಲೋ ಅದೃಷ್ಟದಿಂದಲೋ ಎಂದು ಹೇಗೆ ತಿಳಿಯುವುದು ಎಂದು ಅವರು ತಿರುಗಿ ಕೇಳಿದರು. ಮಾತು ಸರಿಯೇ. ಆದರೆ ಸರಿಯಾದ ಮಾತೆಲ್ಲ ಗಂಟಲಲ್ಲಿ ಇಳಿಯಬೇಕೆಂದೇನಿಲ್ಲ. ನೀರು ತುಂಬಿದ ಸೂಜಿಗೂ ತೋಳು ಚಾಚಿ, ಮುಖ ಆಚೆ ತಿರುಗಿಸಿ, ಹಲ್ಲು ಕಚ್ಚುತ್ತಿದ್ದ ಆ ಹುಡುಗರ ತೋಳಿಗೆ ನಾನು ಹತ್ತಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಿದ್ದೆ.

ತರಬೇತಿ ಮುಗಿಸಿ ಹುಡುಗರು ದೂರದೂರದ ಗಡಿಗಳಿಗೆ ಹೋದರು. ಅವರ ರಕ್ತದಲ್ಲಿ ಜ್ವರದ ವಿರುದ್ಧ ಬಲ ಉಳಿದಿದೆಯೋ ಎಂದು ವರ್ಷಕ್ಕೊಮ್ಮೆ ನೋಡಬೇಕಿತ್ತು. ಖಾನಾಪುರ ಕಡೆಯ ಹುಡುಗರು ರಜೆ ಕೇಳುವುದು ಭತ್ತದ ನಾಟಿಯ ಹೊತ್ತಿಗೆ. ಆ ದಿನಗಳಲ್ಲಿ ಅವರನ್ನು ಕ್ಯಾಂಪಿಗೆ ಕರೆದರೆ ಯಾರು ಬರುತ್ತಾರೆ? ಕೈ ಕೆಸರಾದ ಮೇಲೆ ರಾಜ ಕರೆದರೂ ಬರುವುದಿಲ್ಲ. ಹಾಗಾಗಿ ನಾವೇ ಜೀಪು ಹತ್ತಿ ಅವರ ಊರುಗಳಿಗೆ ಹೊರಟೆವು. ಡಾಕ್ಟರು, ನಾನು, ಮತ್ತು ಜೀಪು ನಡೆಸುವ ಒಬ್ಬ ಹವಾಲ್ದಾರ್. ಹವಾಲ್ದಾರ್ ಕ್ಯಾಂಪಿನ ಹಳೆಯ ಮುಸಲ್ಮಾನ ಮನೆತನದವನು, ಮನೆಯಲ್ಲಿ ದಖ್ಖನಿ ಉರ್ದು, ನಮ್ಮೊಡನೆ ಕನ್ನಡ, ಜೀಪಿನೊಡನೆ ಬೈಗುಳ.

ಮೊದಲ ಸಲ ಹೋದದ್ದು ಜಾಂಬೋಟಿಯಿಂದ ಒಳಗಿರುವ ಒಂದು ಊರಿಗೆ. ಮಳೆ ನಿಂತು ನಿಂತು ಸುರಿಯುತ್ತಿತ್ತು. ಗದ್ದೆಗಳಲ್ಲಿ ಹೆಂಗಸರು ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ಡಾಕ್ಟರು ರೂಢಿಯಂತೆ ಮುಂದೆ ಕುಳಿತಿದ್ದರು, ತಲೆಯ ಮೇಲೆ ಟೊಪ್ಪಿಗೆ. ನಾನು ಹಿಂದೆ. ಜೀಪಿನ ಸದ್ದಿಗೆ ಒಬ್ಬಾಕೆ ನೆಟ್ಟಗಾದಳು. ಆಮೇಲೆ ಇನ್ನೊಬ್ಬಳು. ಹಾಡು ನಿಂತಿತು. ನಾವು ಇನ್ನೂ ಇಳಿದಿರಲಿಲ್ಲ, ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರುಮಾಡಿದಳು. ರಸ್ತೆಗೆ ಹತ್ತಿರದ ಗದ್ದೆಯಲ್ಲಿದ್ದ ಒಬ್ಬ ಹೆಂಗಸು ಮಾತ್ರ ಅಳಲಿಲ್ಲ. ಇದ್ದ ಜಾಗದಲ್ಲೇ ಕೆಸರಿನಲ್ಲಿ ಕುಸಿದು ಕುಳಿತಳು. ಕುಳಿತು, ಪಕ್ಕದಲ್ಲಿ ಸಸಿಕಟ್ಟು ಹಿಡಿದು ನಿಂತಿದ್ದ ಯುವಕನ ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು.

ಆ ಯುವಕ ಅವಳ ಮಗ. ನಾವು ಹುಡುಕಿಕೊಂಡು ಬಂದ ಜವಾನನೂ ಅವನೇ.

"ಅವ್ವಾ, ನಾ ಇಲ್ಲೇ ಅದೀನಿ. ಇಲ್ಲೆ ನೋಡು, ನಿನ್ನ ಬಾಜೂಕ ನಿಂತೀನಿ" ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ಅವಳು ಅವನ ಮುಖ ನೋಡಲೇ ಇಲ್ಲ. ಕಣ್ಣೆಲ್ಲ ಜೀಪಿನ ಮೇಲೆ. ಅವಳಿಗೆ ಇದ್ದದ್ದು ಅವನೊಬ್ಬನೇ. ಅವನು ಕೈಗೆ ಸಿಕ್ಕುವಂತೆ ನಿಂತಿದ್ದರೂ ಜೀಪು ಅವಳ ಪಾಲಿಗೆ ಜೀಪೇ.

ಆಗ ನನಗೆ ತಿಳಿಯಿತು. ಆ ಸೀಮೆಯಲ್ಲಿ ಸೈನ್ಯಕ್ಕೆ ಮಗನನ್ನು ಕೊಡದ ಊರೇ ಇಲ್ಲ. ತಂತಿ ಮುಟ್ಟುವುದು ತಡವಾಗುತ್ತದೆಂದು ಬಾಂಗ್ಲಾ ಯುದ್ಧದ ಕಾಲದಲ್ಲಿ ಕ್ಯಾಂಪಿನಿಂದ ಜೀಪೇ ಹೋಗಿ ಸಾವಿನ ಸುದ್ದಿ ಮುಟ್ಟಿಸುತ್ತಿತ್ತು. ಬೇರೆ ಯಾವ ಕೆಲಸಕ್ಕೂ ಮಿಲಿಟರಿ ಜೀಪು ಆ ಹಾದಿಗೆ ಬಂದದ್ದಿಲ್ಲ. ಇಷ್ಟು ಸಣ್ಣ ಸಂಗತಿ ಕ್ಯಾಂಪಿನ ಯಾವ ಸಾಹೇಬರ ತಲೆಗೂ ಹೊಳೆದಿರಲಿಲ್ಲ. ನನ್ನ ತಲೆಗೂ ಹೊಳೆದಿರಲಿಲ್ಲ.

ಅವಳನ್ನು ಎಬ್ಬಿಸಿ ಮನೆಗೆ ಕರೆತರುವುದರಲ್ಲಿ ಸಾಕುಬೇಕಾಯಿತು. ಮಗನ ತೋಳಿನಿಂದ ನಾನು ರಕ್ತ ತೆಗೆಯುವಾಗ ಅವಳು ಒಲೆಯ ಮುಂದೆ ಕುಳಿತು ಚಹಾ ಮಾಡಿದಳು. ಅಷ್ಟರಲ್ಲಿ ನೆರೆಯವರ ಹೆದರಿಕೆ ಇಳಿದು ಚೇಷ್ಟೆ ಶುರುವಾಗಿತ್ತು. "ಕಂಕಳಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ಲಂತ" ಎಂದು ಒಬ್ಬಾಕೆ ಅಂದಳು. ಎಲ್ಲರೂ ನಕ್ಕರು.

"ನಗ್ರಿ, ನಗ್ರಿ" ಎಂದಳು ತಾಯಿ. ಸಿಟ್ಟಿರಲಿಲ್ಲ. ಅವಳ ತವರು ನಂದಗಡ, ಹಾಗಾಗಿ ಕನ್ನಡ ಸಲೀಸು. ಊರಿನವರೊಡನೆ ಮರಾಠಿ, ನನ್ನೊಡನೆ ಕನ್ನಡ, ಆದರೆ ನನ್ನನ್ನು ಕರೆದದ್ದು ಆ ಕಡೆ ಹೆಂಗಸರನ್ನು ಕರೆಯುವಂತೆ, ಬಾಯಿ ಎಂದು. ಚಹಾದ ಬಟ್ಟಲು ನನ್ನ ಮುಂದಿಟ್ಟು ಹೇಳಿದಳು: "ಆವತ್ತ ಸುಗ್ಗಿ, ಬಾಯಿ. ಕಣದಾಗ ಭತ್ತ ತೂರಾಕತ್ತಿದ್ನಿ. ಜೀಪು ಬಂತು. ಮುಂದ ಟೊಪ್ಪಿಗಿ ಸಾಹೇಬ ಕುಂತಿದ್ದ. ಲಡಾಯಿ ಮುಗದೈತಿ ಅಂತ ಮಂದಿ ಹೇಳಿದ್ರು. ನಮ್ಮ ಮನಿಯವರನ್ನ ಕರಕೊಂಡು ಬಂದಾರಂತ ತಿಳ್ಕೊಂಡ್ನಿ. ಇವಗ, ಓಡು, ನಿಮ್ಮಪ್ಪ ಬಂದಾನ ಅಂದ್ನಿ. ನಾನೂ ನಕ್ಕೋತ ಹಿಂದಿಂದ ಹೋದ್ನಿ."

ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು.

"ಸತ್ತದ್ದಕ್ಕ ಅತ್ತೀನಿ, ಅದು ಮುಗೀತು. ಆದ್ರ ನಕ್ಕೋತ ಹೋಗಿದ್ನೆಲ್ಲ, ಅದನ್ನ ಮರಿಯಾಕ ಆಗವಲ್ದು. ಆ ಸಾಹೇಬ ನನ್ನ ಹಲ್ಲು ನೋಡಿದ, ಆಮ್ಯಾಲ ಬಾಯಿ ತೆಗೆದ. ಇನ್ನೊಮ್ಮಿ ಹಂಗ ಆಗಬಾರದು. ಏನ ಬರೂದಿದ್ರೂ ಬರಲಿ, ನಾ ನಕ್ಕೋತ ಎದುರಿಗೆ ಹೋಗಬಾರದು."

ಉಪಾಯ ಹೇಳಿದವಳೂ ಅವಳೇ. "ಅಂಥಾ ಸುದ್ದಿ ತರೂ ಜೀಪಿನ್ಯಾಗ ಹೆಂಗಸರು ಇರಂಗಿಲ್ಲ. ನೀ ಮುಂದ ಕುಂದರು. ಹೆಂಗಸು ಮುಂದ ಕುಂತದ್ದು ಕಂಡ್ರ, ಇದು ರಕ್ತದ ಜೀಪು, ಸುದ್ದಿ ಜೀಪಲ್ಲ ಅಂತ ನಮಗ ದೂರದಿಂದ ತಿಳೀತದ. ಕುಂದರ್ತೀ?"

"ಕುಂದರ್ತೀನಿ" ಎಂದೆ.

ಹೊರಗೆ ಬಂದು ಡಾಕ್ಟರಿಗೆ ಹೇಳಿದೆ. ಹವಾಲ್ದಾರನಿಗೆ ಮೈಯೆಲ್ಲ ಉರಿಯಿತು. "ಸಾಹೇಬರ ಸೀಟು ಅದು. ಯಾರಾದ್ರೂ ನೋಡಿದ್ರ ನನ್ನ ತೋಳಿನ ಪಟ್ಟಿ ಕಿತ್ತಾಕ್ತಾರ" ಎಂದ. ಡಾಕ್ಟರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಜೀಪಿನ ಹಿಂಬದಿಗೆ ಹೋಗಿ ಹತ್ತಿ ಕುಳಿತರು. ಉಪ್ಪುನೀರಿನ ಸಲುವಾಗಿ ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಅವತ್ತೇ ಹೋಯಿತು.

ಊರಿಂದ ಊರಿಗೆ ಮಾತು ತಾನೇ ಹರಡಿತು. ಮರುವರ್ಷ ನಾವು ಹೋದಾಗ ಗದ್ದೆಗಳಲ್ಲಿ ಯಾರೂ ಅಳಲಿಲ್ಲ. ನೆಟ್ಟಗಾಗಿ ನೋಡುವರು, ನನ್ನ ಸೀರೆ ಕಾಣುತ್ತಲೇ ಮತ್ತೆ ಬಗ್ಗಿ ಸಸಿ ನೆಡುವರು. ಕೆಲವರು ಕೆಸರು ಕೈ ಎತ್ತುವರು. ನನಗೆ ಸೂಜಿಬಾಯಿ ಎಂದು ಹೆಸರಿಟ್ಟಿದ್ದರು. ಹಠ ಮಾಡುವ ಮಕ್ಕಳನ್ನು ನನ್ನ ಹೆಸರು ಹೇಳಿ ಹೆದರಿಸುತ್ತಿದ್ದರಂತೆ. ಹುಟ್ಟಿದ ಮೇಲೆ ಒಂದಾದರೂ ಬಿರುದು ಬೇಕಲ್ಲ ಎಂದು ಅವ್ವನಿಗೆ ಹೇಳಿದೆ. ಅವಳು ಹಣೆ ಬಡಿದುಕೊಂಡಳು.

ಆ ತಾಯಿ ಈಗ ಜೀಪು ಕಂಡರೆ ಗದ್ದೆಯಿಂದಲೇ ನಗುತ್ತಾ ಬರುತ್ತಿದ್ದಳು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ, ಅದನ್ನು ಮುಚ್ಚಿಕೊಳ್ಳಲು ನಗುವಾಗ ಸೆರಗು ಅಡ್ಡ ಹಿಡಿಯುತ್ತಿದ್ದಳು. ನನಗಾಗಿ ಹಲಸಿನ ಹಪ್ಪಳ ಮಾಡಿಟ್ಟಿರುತ್ತಿದ್ದಳು. ನಾನು ಪೇಟೆಯಿಂದ ಅವಳಿಗೆ ಕುಂದಾ ಮಿಠಾಯಿ ಒಯ್ಯುತ್ತಿದ್ದೆ. ಮಗನ ರಕ್ತ ಸಿರಿಂಜಿನಲ್ಲಿ ಏರುವುದನ್ನು ನೋಡುತ್ತ, "ವರ್ಷಾನಗಟ್ಟಲೆ ನಾ ಉಣಿಸಿದ್ದನ್ನ ಒಂದ ಗಳಿಗ್ಯಾಗ ಒಯ್ತೀಯಲ್ಲ ಬಾಯಿ, ಏನ ಮಾಡ್ತೀರಿ ಇಷ್ಟು?" ಎಂದು ಕೇಳುವಳು. ತಣ್ಣಗೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದರೆ, "ಜೋಪಾನ ಇಡ್ರಿ, ಚಲೋ ಅಕ್ಕಿ ಉಂಡ ರಕ್ತ" ಎನ್ನುವಳು.

ಅವಳಿಗೆ ಆ ಸೂಜಿಯ ಮೇಲೆ ಬಲವಾದ ನಂಬಿಕೆ. ಮಗ ಪೂರ್ವದ ಕಾಡಿನ ಗಡಿಯಲ್ಲಿದ್ದ. ಅಲ್ಲಿ ಜ್ವರದ ಭಯ ಎಂದು ಅವಳೂ ಕೇಳಿದ್ದಳು. "ಗುಂಡಿಗೆ ಔಷಧ ಇಲ್ಲ, ಖರೇ. ಜ್ವರಕ್ಕರ ಐತೆಲ್ಲ" ಎನ್ನುತ್ತಿದ್ದಳು. ಲಸಿಕೆ ಹಾಕಿಸಿಕೊಂಡವರಲ್ಲಿ ಯಾರ ತೋಳು ಬಾತಿತೋ ಅವರಿಗೆ ನಿಜವಾದ ಔಷಧ, ಬಾತುಕೊಳ್ಳದವರಿಗೆ ನೀರು ಎಂದು ಜವಾನರ ನಡುವೆ ಒಂದು ನಂಬಿಕೆ ಹುಟ್ಟಿಕೊಂಡಿತ್ತು. ಅದರಿಂದ ಏನೂ ತಿಳಿಯದು ಎಂದು ಡಾಕ್ಟರು ಎಷ್ಟು ಹೇಳಿದರೂ ಯಾರೂ ಕೇಳುತ್ತಿರಲಿಲ್ಲ. ಒಂದು ಸಲ ರಕ್ತ ಕೊಟ್ಟ ಮೇಲೆ ಮಗ ನನ್ನನ್ನು ಜೀಪಿನ ತನಕ ಕಳಿಸಲು ಬಂದ. ಮನೆಯಿಂದ ದೂರವಾದ ಮೇಲೆ ದನಿ ತಗ್ಗಿಸಿದ.

"ಬಾಯಿ, ಅವ್ವ ಕೇಳಿದ್ರ ನನ್ನ ತೋಳ ಬಾತಿತ್ತಂತ ಹೇಳ್ರಿ."

"ಬಾತಿತ್ತೇನು?"

"ಇಲ್ರಿ. ಸೊಳ್ಳಿ ಕಡದಂಗೂ ಆಗಿಲ್ಲ. ಆದ್ರ ಅವ್ವಗ, ಬಾತು ಕುಂಬಳಕಾಯಿ ಆಗಿತ್ತಂತ ಹೇಳೀನಿ. ನಿದ್ದಿ ಮಾಡ್ತಾಳ."

ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಆದರೂ ಮುಂದಿನ ಸಲ ಅವಳು ಕೇಳಿದಾಗ, "ಹೌದವ್ವಾ, ಭಾಳ ಬಾತಿತ್ತು" ಎಂದೆ. ಆ ಸುಳ್ಳಿಗೆ ನಾನು ಇವತ್ತೂ ಪಶ್ಚಾತ್ತಾಪ ಪಡುವುದಿಲ್ಲ. ಅಷ್ಟು ರಾತ್ರಿಗಳು ಅವಳು ನಿದ್ದೆ ಮಾಡಿದ್ದಾದರೂ ಲಾಭ.

ಆಮೇಲಿನ ಒಂದು ಮಳೆಗಾಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡಾಕ್ಟರು ಕೆಲಸದ ಮೇಲೆ ಪುಣೆಗೆ ಹೋಗಿದ್ದರು. ಬೆಳಗಿನ ಹೊತ್ತು ನಾನು ಸಿರಿಂಜು ಕುದಿಸಲು ಇಟ್ಟಿದ್ದೆ. ಕ್ಯಾಂಪಿನ ದಫ್ತರದಿಂದ ಒಬ್ಬ ಕ್ಯಾಪ್ಟನ್ ಬಂದ. ಎಳೆಯ ವಯಸ್ಸು, ನಯವಾದ ಮಾತು, ಹಿಂದಿಯಲ್ಲಿ. ನಿಮ್ಮ ಪರೀಕ್ಷೆಯಲ್ಲಿದ್ದ ಒಬ್ಬ ಜವಾನ ಪೂರ್ವದ ಗಡಿಯಲ್ಲಿ ಜ್ವರದಿಂದ ತೀರಿಕೊಂಡಿದ್ದಾನೆ, ಮನೆಗೆ ಸುದ್ದಿ ಮುಟ್ಟಿಸಬೇಕು, ಮಳೆಗೆ ತಂತಿ ಕಂಬಗಳು ಬಿದ್ದಿವೆ, ಆ ಊರಿನ ದಾರಿ ನಿಮ್ಮ ಜೀಪಿಗೆ ಗೊತ್ತು, ತಾಯಿಯ ಭಾಷೆ ನಿಮಗೆ ಗೊತ್ತು, ದಯವಿಟ್ಟು ಜೊತೆಗೆ ಬನ್ನಿ ಎಂದ. ಆಮೇಲೆ ಊರಿನ ಹೆಸರು ಹೇಳಿದ.

ನಾನು ಒಲೆ ಆರಿಸಿದೆ. ನೀರು ಕುದಿಯುವುದು ನಿಲ್ಲುವ ತನಕ ಅದನ್ನೇ ನೋಡುತ್ತ ನಿಂತೆ. ಕೋಣೆಯ ಮೂಲೆಯಲ್ಲಿ ತಣ್ಣನೆಯ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಅದರೊಳಗೆ ಅವನ ಹೋದ ವರ್ಷದ ಕೊಳವೆ ಇತ್ತು.

ಅದು ನಾವು ಹುಡುಕುತ್ತಿದ್ದ ಜ್ವರವೇ ಎಂದು ಆಮೇಲೆ ಡಾಕ್ಟರು ಖಚಿತಮಾಡಿ ಹೇಳಿದರು. ಅವನಿಗೆ ಕೊಟ್ಟದ್ದು ಲಸಿಕೆಯೋ ಉಪ್ಪುನೀರೋ ಎಂದು ಕೇಳಿದೆ. ಪರೀಕ್ಷೆ ಮುಗಿಯುವ ತನಕ ತನಗೂ ತಿಳಿಯುವಂತಿಲ್ಲ ಎಂದರು. ಪರೀಕ್ಷೆ ಮುಗಿಯುವ ಮೊದಲೇ ಘಟಕ ಬೇರೆ ಊರಿಗೆ ಹೋಯಿತು, ಡಾಕ್ಟರಿಗೂ ವರ್ಗವಾಯಿತು. ನನಗೆ ಇವತ್ತಿಗೂ ಗೊತ್ತಿಲ್ಲ. ನೀರಾಗಿದ್ದರೆ ಒಂದು ದುಃಖ, ಔಷಧವೇ ಆಗಿದ್ದರೆ ಇನ್ನೊಂದು ದುಃಖ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿದ್ದೇನೆ.

ಅವತ್ತು ಜೀಪಿನ ಹತ್ತಿರ ಬಂದಾಗ ಕ್ಯಾಪ್ಟನ್ ನನ್ನನ್ನು ಮುಂದೆ ಕೂರಿಸಿದ. ನಮ್ಮ ರೂಢಿಯನ್ನು ಅವನಿಗೆ ಯಾರೋ ಹೇಳಿದ್ದರು. ಖಾನಾಪುರ ದಾಟಿದೆವು, ಜಾಂಬೋಟಿಯ ಏರು ಹತ್ತಿದೆವು. ದಾರಿಯ ಗದ್ದೆಗಳಲ್ಲಿ ಹೆಂಗಸರು ನನ್ನನ್ನು ನೋಡಿ ಕೈ ಎತ್ತಿದರು. ನಾನು ತೊಡೆಯ ಮೇಲಿನ ಕೈಯನ್ನು ಎತ್ತಲಿಲ್ಲ. ನನಗೆ ಕಾಣುತ್ತಿದ್ದದ್ದು ಒಂದೇ. ಅವಳು ಗದ್ದೆಯಿಂದ ನೆಟ್ಟಗಾಗುತ್ತಾಳೆ, ನನ್ನ ಸೀರೆ ನೋಡುತ್ತಾಳೆ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾ ಬರುತ್ತಾಳೆ.

ಊರಿಗೆ ಮೊದಲು ಒಂದು ಹಳ್ಳ ಬರುತ್ತದೆ. ಅಲ್ಲಿಂದ ತಿರುವು ದಾಟಿದರೆ ಅವಳ ಗದ್ದೆ. ಹಳ್ಳದ ಹತ್ತಿರ ಹವಾಲ್ದಾರ್ ತಾನಾಗಿಯೇ ಜೀಪು ನಿಧಾನ ಮಾಡಿದ. ನನ್ನ ಕಡೆ ನೋಡದೆ, "ಬಾಯಿ, ಇಲ್ಲೆ ನಿಲ್ಲಸ್ಲೇನ್ರಿ?" ಎಂದು ಕೇಳಿದ.

"ನಿಲ್ಲಸು" ಎಂದೆ.

ನಾನು ಇಳಿದು, ಕ್ಯಾಪ್ಟನ್‌ಗೆ ಮುಂದೆ ಬಂದು ಕೂರಲು ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಪ್ಪಲಿಲ್ಲ. ಮುಂದೆ ಸಮವಸ್ತ್ರ ಕಂಡರೆ ಇಡೀ ಊರು ಎದೆ ಹಿಡಿದುಕೊಳ್ಳುತ್ತದೆ, ಪ್ರತಿಯೊಬ್ಬ ತಾಯಿಯೂ ತನ್ನ ಮಗನೇ ಎಂದುಕೊಳ್ಳುತ್ತಾಳೆ, ನೀವು ಮುಂದೆ ಇದ್ದರೆ ಮನೆಯ ತನಕ ಶಾಂತವಾಗಿ ಹೋಗಿ ಆಕೆಯನ್ನು ಒಳಗೆ ಕೂರಿಸಿ ನಿಧಾನಕ್ಕೆ ಹೇಳಬಹುದು ಎಂದ. ಅವನ ಮಾತು ಸುಳ್ಳಲ್ಲ. ಮನಸ್ಸೂ ಕೆಟ್ಟದ್ದಲ್ಲ.

"ಸಾಹೇಬ್ರ, ಆಕಿಗೂ ನನಗೂ ಒಂದು ಮಾತಾಗೈತಿ" ಎಂದೆ. ಕನ್ನಡದಲ್ಲೇ ಅಂದೆ, ಹಿಂದಿ ನೆನಪಿಗೆ ಬರಲಿಲ್ಲ. ಅವನಿಗೆ ಏನು ತಿಳಿಯಿತೋ, ನನ್ನ ಮುಖ ನೋಡಿ ಸುಮ್ಮನೆ ಮುಂದೆ ಬಂದು ಕುಳಿತ. ನಾನು ಹಿಂದೆ ಹತ್ತಿದೆ. ಅವತ್ತು ಬರ್ಫದ ಪೆಟ್ಟಿಗೆ ಇರಲಿಲ್ಲ.

ತಿರುವು ದಾಟಿತು. ಕ್ಯಾಪ್ಟನ್ ಹೇಳಿದಂತೆಯೇ ಆಯಿತು. ಗದ್ದೆಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ನೆಟ್ಟಗಾದರು. ನಿಂತವರು ನಿಂತೇ ಇದ್ದರು, ಬಗ್ಗಲಿಲ್ಲ. ಜೀಪು ಯಾರ ಗದ್ದೆ ದಾಟಿತೋ ಅವಳು ಬದುವಿನ ಮೇಲೆ ಕುಸಿದು ಕುಳಿತು ಉಸಿರು ಬಿಡುತ್ತಿದ್ದಳು, ಮುಂದಿನವಳ ಉಸಿರು ಕಟ್ಟುತ್ತಿತ್ತು. ಹಾಗೆ ಸಾಲಾಗಿ ಬಂದು ನಾವು ಅವಳ ಗದ್ದೆಯ ಮುಂದೆ ನಿಂತೆವು.

ಅವಳು ನೋಡಿದಳು. ಮುಂದಿನ ಟೊಪ್ಪಿಗೆ ನೋಡಿದಳು, ಆಮೇಲೆ ಹಿಂದೆ ನನ್ನನ್ನು ನೋಡಿದಳು. ಈ ಸಲ ಕುಸಿಯಲಿಲ್ಲ. ಕೈಯಲ್ಲಿದ್ದ ಸಸಿಗಳನ್ನು ಒಂದೊಂದಾಗಿ ನೆಟ್ಟು ಮುಗಿಸಿದಳು. ಬದುವಿನ ಪಕ್ಕದ ನೀರಿನಲ್ಲಿ ಕೈ ತೊಳೆದಳು, ಕಾಲು ತೊಳೆದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ನಡೆದು ಬಂದಳು. ಕ್ಯಾಪ್ಟನ್ ಇಳಿದು ಟೊಪ್ಪಿಗೆ ತೆಗೆದು ನಿಂತಿದ್ದ. ಅವಳು ಅವನನ್ನು ದಾಟಿ ನನ್ನ ಹತ್ತಿರ ಬಂದಳು.

"ಯಾವಾಗ?" ಎಂದು ಕೇಳಿದಳು.

ಹೇಳಿದೆ. ಜ್ವರ ಎಂದೆ. ದಹನ ಅಲ್ಲಿಯೇ ಆಯಿತು ಎಂದೂ ಹೇಳಬೇಕಾಯಿತು, ಅದನ್ನು ಹೇಳುವಾಗ ನಾನು ಅತ್ತುಬಿಟ್ಟೆ, ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಸಮಾಧಾನ ಮಾಡಲು ಹೋದವಳನ್ನು ಸಮಾಧಾನ ಮಾಡುವ ಗತಿ ಅವಳಿಗೆ ಬಂತು. ಆಮೇಲೆ ಅವಳ ಎದೆಯಿಂದ ಒಂದು ದನಿ ಬಂತು. ಅಷ್ಟು ವರ್ಷ ಆ ಸೀಮೆಯಲ್ಲಿ ತಿರುಗಿ ಹಲವು ಅಳು ಕೇಳಿದ್ದೆ, ಅಂಥದು ಕೇಳಿರಲಿಲ್ಲ. ಸುತ್ತಲಿನ ಗದ್ದೆಗಳಿಂದ ಹೆಂಗಸರು ಓಡಿ ಬಂದು ಅವಳನ್ನು ಹಿಡಿದುಕೊಂಡರು. ತಮ್ಮ ಮಗನಲ್ಲ ಎಂಬ ನೆಮ್ಮದಿಯನ್ನು ಮುಚ್ಚಿಕೊಳ್ಳಲಾಗದೆ ಅವರು ಇನ್ನೂ ಜೋರಾಗಿ ಅಳುತ್ತಿದ್ದರು.

ಮನೆಯ ಪಡಸಾಲೆಯಲ್ಲಿ ಬಹಳ ಹೊತ್ತು ಕುಳಿತೆವು. ಕ್ಯಾಪ್ಟನ್ ಹೇಳಬೇಕಾದ್ದನ್ನು ಹೇಳಿದ, ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಮಧ್ಯೆ ಒಮ್ಮೆ, "ತೋಳ ಬಾತಿತ್ತೆಲ್ಲ, ಬಾಯಿ" ಎಂದಳು. ಪ್ರಶ್ನೆಯಾಗಿರಲಿಲ್ಲ. ನಾನು ತಲೆ ತಗ್ಗಿಸಿ, "ಬಾತಿತ್ತವ್ವಾ" ಎಂದೆ. ಇನ್ನೊಮ್ಮೆ, "ಅವನ ರಕ್ತ ಅದ ಏನು ನಿಮ್ಮ ಪೆಟ್ಟಿಗ್ಯಾಗ?" ಎಂದು ಕೇಳಿದಳು. ಇದೆ ಎಂದೆ. "ಚೆಲ್ಲಬ್ಯಾಡ್ರಿ. ಬ್ಯಾರೆ ಏನೂ ಉಳದಿಲ್ಲ" ಎಂದಳು. ಘಟಕ ಊರು ಬಿಡುವ ದಿನ ಉಳಿದ ಕೊಳವೆಗಳ ಜೊತೆ ಅದನ್ನೂ ನಾನೇ ಹತ್ತಿಯಲ್ಲಿ ಸುತ್ತಿ ಬರ್ಫದಲ್ಲಿಟ್ಟು ಕಳಿಸಿದೆ. ಆಮೇಲೆ ಅದು ಏನಾಯಿತೆಂದು ತಿಳಿಯಲಿಲ್ಲ.

ಮಳೆ ಹೆಚ್ಚಾಗುತ್ತಿತ್ತು. ಹಳ್ಳ ಏರಿದರೆ ದಾಟುವುದು ಕಷ್ಟ ಎಂದು ಹವಾಲ್ದಾರ್ ಬಂದು ಹೇಳಿದ. ಏಳಲೇಬೇಕಾಯಿತು. ನೆರೆಯ ಹೆಂಗಸರು ಬೇಡವೆಂದರೂ ಅವಳು ಎದ್ದು ಜೀಪಿನ ತನಕ ನನ್ನೊಡನೆ ಬಂದಳು. ನಾನು ಹಿಂದೆ ಹತ್ತಲು ಹೋದೆ. ಅವಳು ನನ್ನ ತೋಳು ಹಿಡಿದಳು, ಅವಳ ಮಗನ ತೋಳನ್ನು ನಾನು ಹಿಡಿಯುತ್ತಿದ್ದಲ್ಲೇ.

"ನೀ ಹಿಂದ ಕುಂತಿದ್ದು ಚಲೋ ಆತು" ಎಂದಳು. "ನಾ ನಗಲಿಲ್ಲ."

ನಾನು ಹತ್ತಲು ಎತ್ತಿದ್ದ ಕಾಲನ್ನು ಕೆಳಗಿಟ್ಟೆ.

"ಈಗ ಮುಂದ ಕುಂದರು."

"ಯಾಕವ್ವಾ?"

"ದಾರ್ಯಾಗ ಹೊಲದಾಗ ಹೆಂಗಸರು ಅದಾರ. ಜೀಪು ನೋಡ್ತಾರ."

ಕ್ಯಾಪ್ಟನ್‌ಗೆ ಯಾರೂ ಏನೂ ಹೇಳಲಿಲ್ಲ. ಅವನು ತಾನೇ ಟೊಪ್ಪಿಗೆ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಹೋಗಿ ಕುಳಿತ. ನಾನು ಮುಂದೆ ಕುಳಿತೆ. ನನ್ನ ಸೀರೆಯ ಸೆರಗು ಹೊರಗೆ ಕಾಣುವಂತೆ ಅವಳೇ ಸರಿಪಡಿಸಿದಳು.

ಹಳ್ಳ ದಾಟಿದೆವು. ಮುಂದಿನ ಊರಿನ ಗದ್ದೆಯಲ್ಲಿ ನಾಟಿ ನಡೆದಿತ್ತು. ಜೀಪಿನ ಸದ್ದಿಗೆ ಹೆಂಗಸರು ನೆಟ್ಟಗಾದರು, ನನ್ನನ್ನು ನೋಡಿದರು, ಮತ್ತೆ ಬಗ್ಗಿದರು. ಒಬ್ಬಾಕೆ ಮಾತ್ರ ಕೆಸರು ಕೈ ಎತ್ತಿ, ಹಲ್ಲೆಲ್ಲ ಕಾಣುವಂತೆ ನಕ್ಕಳು. ನಾನೂ ಕೈ ಎತ್ತಿ ನಕ್ಕೆ.